ಸೂಜಿ ಹೋದ ದಾರಿಯ ಗಂಟು

ಮಾದನಹಿಪ್ಪರಗಾದಲ್ಲಿರುವ ನನ್ನ ಸೋದರತ್ತಿಯ ಲಿವರಿನಲ್ಲಿ ಗಂಟಿದೆಯೆಂದು ತಿಳಿದಾಗ ನಾನು ಕಲಿಸುವ ಅಫಜಲಪುರದ ಶಾಲೆಗೆ ರಜೆ ಹಾಕಿ ಓಡಿದೆ. ಕ್ಯಾನ್ಸರೋ ಅಲ್ಲವೋ ಸ್ಕ್ಯಾನಿಂಗಿನಲ್ಲಿ ಸ್ಪಷ್ಟವಾಗಿರಲಿಲ್ಲ. ಸೂಜಿ ಚುಚ್ಚಿ ಚೂರು ತೆಗೆದು ನೋಡಬೇಕೆಂದು ಕಲಬುರಗಿಯ ಡಾಕ್ಟರು ಹೇಳಿದ್ದರು. ಪಡಸಾಲೆ ತುಂಬ ಕೂತ ಬಂಧುಗಳದ್ದು ಒಂದೇ ಮಾತು: "ಸೂಜಿ ಮುಟ್ಟಿಸಬ್ಯಾಡ್ರಿ, ಮೈ ತುಂಬ ಹರಡ್ತದ."

ಅತ್ತಿ ಎಲ್ಲರಿಗೂ ಚಹಾ ಕೊಟ್ಟಳು. "ನೀವ್ಯಾಕ ಬಡದಾಡ್ತೀರಿ? ಚುಚ್ಚಾವ್ರನ್ನೇ ಕೇಳ್ತೇನಿ," ಅಂದಳು.

ಮರುದಿನ ಕಲಬುರಗಿಯ ಆಸ್ಪತ್ರೆಯಲ್ಲಿ ಕೇಳಿಯೂ ಬಿಟ್ಟಳು. "ಡಾಕ್ಟರಸಾಬ್, ಸೂಜಿ ಹಾಕಿದ್ರ ರೋಗ ಹರಡ್ತದಂತ. ಖರೇ ಏನ್ರಿ?"

ಡಾಕ್ಟರು ನಗಲಿಲ್ಲ. "ಸ್ವಲ್ಪ ಖರೇ ಅದ, ಅವ್ವಾರ. ಸೂಜಿ ಹೊರಗ ಬರೂ ದಾರ್ಯಾಗ ಕ್ಯಾನ್ಸರಿನ ಕಣ ಉಳಿದು ಅಲ್ಲೇ ಗಂಟಾಗಬಹುದು. ಆದ್ರ ಭಾಳ ಅಪರೂಪ. ಸ್ಕ್ಯಾನಿಂಗಿನಾಗೇ ಗೊತ್ತಾಗಿದ್ರ ನಾವು ಚುಚ್ಚತಿದ್ದಿಲ್ಲ. ಈಗ ಕೊಳವಿ ಒಳಗಿಂದ ಸೂಜಿ ಹಾಕ್ತೇವಿ, ಕಣ ದಾರಿಗೆ ತಾಗೂದು ಕಡಿಮಿ."

"ಆಳಂದ ಬಜಾರದಾಗ ತೊಗರಿ ಚೀಲಕ್ಕ ಚುಚ್ಚಿ ನೋಡ್ತಾರಲ್ರಿ, ಹಂಗ. ಒಂದೆರಡು ಕಾಳು ಉದುರಬಹುದು."

"ಹಂಗೇ ಅನ್ಕೋರಿ." ಈಗ ಅವರೂ ನಕ್ಕರು. ಅತ್ತಿ ಒಪ್ಪಿದಳು.

ಪರೀಕ್ಷೆಯಲ್ಲಿ ಕ್ಯಾನ್ಸರೇ ಎಂದು ಗೊತ್ತಾಯಿತು. ಗಂಟು ಒಂದು ಮೂಲೆಯಲ್ಲಿದ್ದುದರಿಂದ ಲಿವರಿನ ಅಷ್ಟು ಭಾಗವನ್ನು ಕತ್ತರಿಸಿ ತೆಗೆದರು. ಅತ್ತಿ ಚೇತರಿಸಿಕೊಂಡು ಹೊಲ, ಮನೆ ಎಂದು ಓಡಾಡತೊಡಗಿದಳು.

ಮರುವರ್ಷ ಅವಳ ಫೋನು ಬಂತು. "ಸೂಜಿ ಹಾಕಿದ್ದ ಜಾಗಾದಾಗ ಕಡ್ಲಿಕಾಳಷ್ಟು ಗಂಟು ಕೈಗೆ ಸಿಗಾಕತ್ತದ. ಡಾಕ್ಟರ್ ಹೇಳಿದ್ದ ಅಪರೂಪದ್ದು ನನಗೇ ಬಂದದ ನೋಡವ್ವ."

ಈಗಲೇ ಹೊರಟು ಬರುತ್ತೇನೆಂದೆ. ಅವಳ ಚಿಂತೆಯೇ ಬೇರೆ: "ಮಂದಿಗಿ ಈಗೇ ಹೇಳಬ್ಯಾಡ. ನಾವೇ ಗೆದ್ದೇವಿ ಅಂತ ಕುಣೀತಾರ."

ಡಾಕ್ಟರು ಎದೆ, ಹೊಟ್ಟೆ ಎಲ್ಲ ಸ್ಕ್ಯಾನಿಂಗ್ ಮಾಡಿಸಿದರು. ಬೇರೆಲ್ಲೂ ಏನೂ ಇರಲಿಲ್ಲ. ಚರ್ಮದ ಕೆಳಗಿನ ಆ ಗಂಟನ್ನು ಸುತ್ತಲಿನ ಮಾಂಸ ಸಮೇತ ಸಣ್ಣ ಆಪರೇಷನ್ನಿನಲ್ಲಿ ತೆಗೆದರು. ಅದೂ ಕ್ಯಾನ್ಸರೇ ಆಗಿತ್ತು; ಆದರೆ ಪೂರ್ತಿಯಾಗಿ ಹೊರಬಂದಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದೆ: "ಚುಚ್ಚಿಸಿಕೊಂಡಿದ್ದು ತಪ್ಪಾಯ್ತೇನು ಅತ್ತಿ?"

"ಚುಚ್ಚದಿದ್ರ ಒಳಗಿಂದು ಏನಂತ ಹೆಂಗ ತಿಳೀತಿತ್ತು? ಡಾಕ್ಟರ್ ಮೊದ್ಲೇ ಹೇಳಿದ್ರು, ಅದಕ್ಕ ಕೈ ಹಾಕಿ ನೋಡ್ಕೋತಿದ್ದೆ. ದೊಡ್ಡದೂ ಹೋತು, ಸಣ್ಣದೂ ಹೋತು," ಎಂದು ಕಿಟಕಿಗೆ ತಲೆಯಾನಿಸಿ ನಿದ್ದೆಹೋದಳು.

ಅಲ್ಲಿಂದೀಚೆಗೆ ಅವಳ ಯಾವ ತಪಾಸಣೆಯಲ್ಲೂ ಏನೂ ಸಿಕ್ಕಿಲ್ಲ. ಈ ಸಲದ ಎಳ್ಳಮಾಸಿ ಹಬ್ಬಕ್ಕೆ ಅವಳ ಹೊಲದಲ್ಲೇ ಎಲ್ಲರೂ ಕೂತು ಸಜ್ಜಿ ರೊಟ್ಟಿ, ಕಾಳು-ಸೊಪ್ಪಿನ ಭಜ್ಜಿ ಉಂಡೆವು. ಬಡಿಸಿದವಳು ಅತ್ತಿಯೇ. ಸಾಕೆಂದು ಕೈ ಅಡ್ಡ ಹಿಡಿದರೂ ಕೇಳಲಿಲ್ಲ.