ಅಕ್ಕೋರ ಕಿವಿ

ನೆಗಡಿಯೆಂದು ಮಗಳು ಕರವಸ್ತ್ರಕ್ಕೆ ನೀಲಗಿರಿ ಎಣ್ಣೆ ಹಾಕಿ ಕೊಟ್ಟಳು. ಮೂಗಿಗೆ ಹಿಡಿದದ್ದೇ ತಡ, ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಪುಣೆಗೆ ಬಂದ ಆ ಜ್ವರ ನೆನಪಾಯಿತು. ಅದರ ಹಿಂದೆಯೇ ಶಾಲೆಯಲ್ಲಿ ಕಲಿಸುತ್ತಿದ್ದ ನಮ್ಮ ಅಕ್ಕೋರು...

ಅಪ್ಪ ಪುಣೆ ಪಕ್ಕದ ಖಡಕಿಯ ಕಾರಖಾನೆಯಲ್ಲಿ ಕಾರಕೂನ. ಧಾರವಾಡದಿಂದ ಬಂದ ನನಗೆ ಮರಾಠಿ ತಿಳಿಯುತ್ತಿತ್ತು, ಆಡಿದರೆ ಮಾತ್ರ ಇಡೀ ವರ್ಗ ನಗುತ್ತಿತ್ತು. ಹಾಗಾಗಿ ಬಾಯಿಗೆ ಬೀಗ ಹಾಕಿಕೊಂಡೆ. ಹುಡುಗಿಯರು ಮೂಕಿ ಎಂದು ಹೆಸರಿಟ್ಟರು. ಬಾಯಲ್ಲೇ ಉತ್ತರ ಹೇಳಬೇಕಾದ ತೋಂಡಿ ಪರೀಕ್ಷೆ ಮುಂದಿತ್ತು. ಅಪ್ಪನದು ಒಂದೇ ಮಾತು: “ತೋಂಡಿ ಪರೀಕ್ಷಾದಾಗ ಬಾಯಿ ಬಿಡಲಿಲ್ಲಂದ್ರ ಸಾಲಿ ಬಿಡಿಸಿ ಮದುವಿ ಮಾಡತೀನಿ.” ನನಗಿನ್ನೂ ಹತ್ತು ವರ್ಷ.

ಅಕ್ಕೋರು ಬೆಳಗಾವಿ ಕಡೆಯವರು, ತಲೆ ಬೋಳಿಸಿದ್ದ ವಿಧವೆ. ಎದುರು ಬಂದರೆ ಅಪಶಕುನವೆಂದು ಓಣಿಯ ಹೆಂಗಸರು ಮುಖ ತಿರುಗಿಸುತ್ತಿದ್ದರು. ಅಂಥವರು ಒಂದು ದಿನ ಪ್ರಶ್ನೆ ಕೇಳಿ ನನ್ನ ಪಕ್ಕ ಕೂತು, ತಲೆಯ ಸೆರಗನ್ನು ಕಿವಿಯಿಂದ ಸರಿಸಿ ಬಗ್ಗಿದರು. ಆ ಕಾಲದಲ್ಲಿ ಅದು ಸಣ್ಣ ಮಾತಲ್ಲ.

“ನನ್ನ ಕಿವ್ಯಾಗ ಹೇಳವ್ವಾ. ಯಾರಿಗೂ ಕೇಳಸೂದಿಲ್ಲ.”

ಉತ್ತರವನ್ನು ಕನ್ನಡದಲ್ಲೇ ಪಿಸುಗುಟ್ಟಿದೆ. ಅವರು ಅದನ್ನು ಮರಾಠಿಯಲ್ಲಿ ವರ್ಗಕ್ಕೆಲ್ಲ ಸಾರಿ, ಉತ್ತರ ನನ್ನದೆಂದರು. ನನಗೆ ಅಳುವಷ್ಟು ಸಂತೋಷವಾಯಿತು. ಬರುಬರುತ್ತಾ ಮರಾಠಿಯಲ್ಲೇ ಪಿಸುಗುಟ್ಟತೊಡಗಿದೆ. ಅವರು ದಿನಕ್ಕಿಷ್ಟು ದೂರ ಸರಿದು ನಿಲ್ಲುತ್ತಿದ್ದರು, ನಾನು ದಿನಕ್ಕಿಷ್ಟು ದನಿ ಏರಿಸಬೇಕಾಗುತ್ತಿತ್ತು. ನನ್ನಂಥ ಬಾಯಿಸತ್ತ ಹುಡುಗಿಯರೆಲ್ಲ ಆ ಕಿವಿಗೆ ಪಾಳಿ ಹಚ್ಚಿದರು.

ಅಷ್ಟರಲ್ಲಿ ಊರಿಗೆ ಆ ಜ್ವರ ಬಂತು. ಮಕ್ಕಳನ್ನು ಹತ್ತಿರ ಸೇರಿಸಕೂಡದೆಂದು ಹೆಡ್‌ಮಾಸ್ತರರ ಅಪ್ಪಣೆಯಾಯಿತು. ಅಕ್ಕೋರು ಮೂಗಿಗೆ ನೀಲಗಿರಿ ಎಣ್ಣೆಯ ಬಟ್ಟೆ ಕಟ್ಟಿಕೊಂಡರು, ಕಿವಿ ಕೊಡುವುದನ್ನು ಬಿಡಲಿಲ್ಲ.

“ಈಗ ದೂರ ತಳ್ಳಿದ್ರ ಮತ್ತ ಬಾಯಿ ಮುಚ್ಚಿಬಿಡ್ತೀರಿ ನೀವೆಲ್ಲಾ” ಎಂದರು ನನಗೆ.

ಒಬ್ಬಳು ಮೈ ಸುಡುತ್ತಿದ್ದರೂ ಬಂದು ಉತ್ತರ ಹೇಳಿದಳು. ಅವಳು ಅಂದೇ ಮೊದಲ ಸಲ ಮಾತಾಡಿದ್ದು. ಅಕ್ಕೋರು ಪೂರ್ತಿ ಬಗ್ಗಿ ಕೇಳಿದರು. ವಾರದೊಳಗೆ ಇಬ್ಬರೂ ಹೋದರು...

ಶಾಲೆ ಮತ್ತೆ ತೆರೆದಾಗ ತೋಂಡಿ ಪರೀಕ್ಷೆ ನಡೆಯಿತು. ಎದ್ದು ನಿಂತು ಗಟ್ಟಿಯಾಗಿ ಉತ್ತರಿಸಿದೆ, ತಪ್ಪು ಮರಾಠಿಯಲ್ಲೇ. ಯಾರೂ ನಗಲಿಲ್ಲ. ನಗುತ್ತಿದ್ದವರಲ್ಲಿ ಎಷ್ಟೋ ಜನರ ಜಾಗ ಖಾಲಿಯಿತ್ತು. ಅಪ್ಪ ಶಾಲೆ ಬಿಡಿಸಲಿಲ್ಲ.

ಈಗ ಮನೆಯಲ್ಲಿ ನನ್ನ ಬಾಯಿಗೆ ಎಲ್ಲರೂ ಹೆದರುತ್ತಾರೆ. ಈ ಬಾಯಿ ಕೊಟ್ಟವರ ಹೆಣ ಹೊರಲು ಮಾತ್ರ ಓಣಿಯಲ್ಲಿ ನಾಲ್ಕು ಜನ ಸಿಗಲಿಲ್ಲವಂತೆ. ಕಸದ ಗಾಡಿಯಲ್ಲಿ ಒಯ್ದರಂತೆ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.