ಓಬಣ್ಣ ಬರೆದ ಕೆಂಪು ಗೆರೆಗಳು

ಗುಡ್ಡಕ್ಕೆ ಬಂದ ಕೂಡಲೇ ಓಬಣ್ಣ ಮಾಡುತ್ತಿದ್ದ ಮೊದಲ ಕೆಲಸವೆಂದರೆ ಗಾಳಿಯಂತ್ರದ ಕಂಬಕ್ಕೆ ಕಿವಿ ಹಚ್ಚುವುದು. ಹೆಲ್ಮೆಟ್ಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಬಲಗಿವಿಯನ್ನು ಬಿಳಿ ಉಕ್ಕಿಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಆಮೇಲೆ ನಮ್ಮ ಕಡೆ ತಿರುಗಿ, ಇದು ಆರಾಮೈತೆ ಎಂದೋ ಇದಕ್ಕೆ ಗ್ರೀಸು ಬೇಕಂತೆ ಎಂದೋ ತೀರ್ಪು ಕೊಡುತ್ತಿದ್ದ. ಕಾರಣವೇ ಇಲ್ಲದೆ ಆಗಾಗ ನಿಂತುಬಿಡುತ್ತಿದ್ದ ಏಳನೇ ನಂಬರಿನ ಯಂತ್ರಕ್ಕೆ ‘ಅಳಿಯ’ ಎಂದು ಹೆಸರಿಟ್ಟಿದ್ದ. ಉಪಚಾರ ಮಾಡದೆ ಅದು ತಿರುಗುವುದಿಲ್ಲ ಎಂಬುದು ಅವನ ವಾದ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಗಾಳಿಯಿಂದ ಕರೆಂಟು ತೆಗೆಯುವ ಯಂತ್ರಗಳನ್ನು ತಯಾರಿಸುವ ದೊಡ್ಡ ಕಂಪನಿಯೊಂದು ಚಿತ್ರದುರ್ಗ, ಹೊಳಲ್ಕೆರೆ ಕಡೆಯ ಗುಡ್ಡಗಳ ಮೇಲೆ ಕಂಬ ನಿಲ್ಲಿಸತೊಡಗಿತ್ತು. ಹಿರಿಯೂರಿನ ಹೆದ್ದಾರಿಯಲ್ಲಿ ಉದ್ದನೆಯ ರೆಕ್ಕೆ ಹೊತ್ತ ಟ್ರೈಲರ್ ಬಂದರೆ ಬಸ್ಸಿನವರೂ ಇಳಿದು ನಿಂತು ನೋಡುತ್ತಿದ್ದರು. ಹೊರಕೆರೆದೇವಪುರದವನಾದ ನಾನು ಡಿಪ್ಲೊಮಾ ಮುಗಿಸಿ ಆ ಕಂಪನಿಗೆ ಸೇರಿದ್ದೆ. ನಮ್ಮ ಮನೆಯಲ್ಲಿ ತಿಂಗಳ ಸಂಬಳ ಕಂಡವನು ನಾನೇ ಮೊದಲು. ಒಂದು ವರ್ಷ ಪ್ರೊಬೇಷನ್, ತಪ್ಪು ಮಾಡಿದರೆ ಮನೆಗೆ. ಆ ಒಂದು ಸಾಲು ನನ್ನ ನಿದ್ದೆ ಕೆಡಿಸಿತ್ತು.

ಓಬಣ್ಣ ನಮ್ಮ ತಂಡದ ಹಿರಿಯ ಫಿಟ್ಟರು, ಜವನಗೊಂಡನಹಳ್ಳಿಯವನು. ಮೊದಲು ಕೊಳವೆಬಾವಿಯ ಮೋಟಾರು ಎತ್ತಿ ಇಳಿಸುವ ಕೆಲಸದಲ್ಲಿದ್ದ. ಬೋರಿನೊಳಕ್ಕೆ ಒಂದು ಸ್ಪ್ಯಾನರ್ ಜಾರಿ ಬಿದ್ದರೆ ಇಡೀ ಬೋರೇ ಹಾಳು. ಹಾಗಾಗಿ ಕೆಲಸ ಮುಗಿದ ಕೂಡಲೇ ಸಾಮಾನು ಎಣಿಸುವುದು ಅವನ ಮೈಗೆ ಹತ್ತಿದ ಚಟ. ನಮ್ಮ ಶೆಡ್ಡಿನ ಗೋಡೆಗೆ ದೊಡ್ಡ ಹಲಗೆ ಹೊಡೆದು, ಒಂದೊಂದು ಸ್ಪ್ಯಾನರಿಗೂ ಒಂದೊಂದು ಮೊಳೆ ಬಡಿದು, ಅದರ ಆಕಾರದ ಸುತ್ತಲೂ ಕೆಂಪು ಬಣ್ಣದಲ್ಲಿ ಗೆರೆ ಎಳೆದಿದ್ದ. ಸಾಮಾನು ವಾಪಸ್ ಬಾರದಿದ್ದರೆ ಬರೀ ಕೆಂಪು ಗೆರೆ ಉಳಿಯುತ್ತಿತ್ತು. ಸಂಜೆ ಎಲ್ಲವನ್ನೂ ನೇತುಹಾಕಿದ ಮೇಲೆ ಹಲಗೆಯ ಮುಂದೆ ನಿಂತು, “ಎಲ್ಲಾ ಮನಿಗೆ ಬಂದ್ವು, ಇನ್ನ ನಾವು ಹೋಗಾಣ” ಎನ್ನುತ್ತಿದ್ದ. ಅದಾದ ನಂತರವೇ ಎಣಿಕೆಯ ರಿಜಿಸ್ಟರಿಗೆ ನಮ್ಮ ಸಹಿ.

ಒಂದು ಹೊಸ ಯಂತ್ರವನ್ನು ಕೊಂಡವರಿಗೆ ಒಪ್ಪಿಸಬೇಕಾಗಿದ್ದ ದಿನದ ಹಿಂದಿನ ಸಂಜೆ. ರೆಕ್ಕೆಗಳು ಕೂಡುವ ಗುಂಬದೊಳಗೆ ತೂರಿ ಬೋಲ್ಟು ಬಿಗಿದು ನಾನು ಕೆಳಗಿಳಿದಿದ್ದೆ. ಚೀಲ ಬಿಚ್ಚಿದರೆ ಇಪ್ಪತ್ನಾಲ್ಕರ ಸ್ಪ್ಯಾನರ್ ಇಲ್ಲ. ಅದು ಮೇಲೇ ಉಳಿದಿದೆಯೆಂದು ನನಗೆ ತಕ್ಷಣ ಗೊತ್ತಾಯಿತು. ಮತ್ತೆ ಅಷ್ಟು ಏಣಿ ಹತ್ತುವ ತ್ರಾಣವಿರಲಿಲ್ಲ. ಹೇಳಿದರೆ ಕೆಲಸ ಹೋಗುವ ಭಯ ಬೇರೆ. ಪಕ್ಕದ ತಂಡದ ಪೆಟ್ಟಿಗೆಯಲ್ಲಿದ್ದ ಅಂಥದೇ ಸ್ಪ್ಯಾನರ್ ಎತ್ತಿಕೊಂಡು, ಅವರು ಗುರುತಿಗೆ ಸುತ್ತಿದ್ದ ನೀಲಿ ಟೇಪು ಕಿತ್ತು ಮೊಳೆಗೆ ಹಾಕಿಬಿಟ್ಟೆ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಹತ್ತಿ ತಂದರಾಯಿತು ಎಂದುಕೊಂಡೆ. ಓಬಣ್ಣ ಹಲಗೆ ನೋಡಿದ. ಅಂದು ಅವನ ಬಾಯಿಂದ ಆ ದಿನನಿತ್ಯದ ಮಾತು ಬರಲಿಲ್ಲ. ನಾನದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಸಹಿ ಹಾಕಿ ಹೊರಟೆ.

ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಮ್ಯಾನೇಜರೂ ಯಂತ್ರ ಕೊಂಡವರೂ ಬಂದು ನಿಂತಿದ್ದರು. ಅವರೆದುರು ಹೇಳುವ ಧೈರ್ಯವಾಗದೆ ಹಿಂದೆ ಸರಿದು ನಿಂತೆ. ಬ್ರೇಕು ಬಿಟ್ಟರು. ರೆಕ್ಕೆಗಳು ನಿಧಾನಕ್ಕೆ ಒಂದು ಸುತ್ತು ಬಂದವು, ಎರಡು ಸುತ್ತು ಬಂದವು. ಕಂಬಕ್ಕೆ ಕಿವಿ ಹಚ್ಚಿದ್ದ ಓಬಣ್ಣ ಕೈ ಎತ್ತಿದ. “ನಿಲ್ಸ್ರಿ. ಒಳಗೇನೋ ಉಳ್ಳಾಡ್ತೈತೆ.”

ನಾವಿಬ್ಬರೂ ಹತ್ತಿದೆವು. ಗುಂಬದ ತಳದಲ್ಲಿ ಸ್ಪ್ಯಾನರ್ ಬಿದ್ದಿತ್ತು, ಒಂದು ವೈರಿನ ಮೈ ಕೆತ್ತಿಹೋಗಿತ್ತು. ಇನ್ನು ನಾಲ್ಕು ಸುತ್ತು ತಿರುಗಿದ್ದರೆ ಏನಾಗುತ್ತಿತ್ತೋ. ಓಬಣ್ಣ ಬೈಯಲಿಲ್ಲ. ಕೆಳಗಿಳಿದ ಮೇಲೆ ರಿಜಿಸ್ಟರ್ ತಂದು ನನ್ನ ಮುಂದಿಟ್ಟ. “ಬರಿಯಪ್ಪ. ನಿನ್ನ ಕೈಯಾಗೇ ಬರಿ.”

ಸ್ಪ್ಯಾನರ್ ಮರೆತು ಬಂದೆ, ಎಣಿಕೆ ಸರಿಯಿರಲಿಲ್ಲ ಎಂದು ಬರೆದೆ. ನೀಲಿ ಟೇಪಿನ ವಿಷಯ ಬರೆಯಲಿಲ್ಲ. ಓಬಣ್ಣ ಪೆನ್ನು ಇಸಿದುಕೊಂಡು ನನ್ನ ಸಾಲಿನ ಕೆಳಗೆ ದಪ್ಪ ಅಕ್ಷರದಲ್ಲಿ, ‘ಇದರಲ್ಲಿ ನನ್ನ ತಪ್ಪೂ ಇದೆ’ ಎಂದು ಬರೆದು ಹೆಸರು ಹಾಕಿದ.

ಯಂತ್ರ ಒಪ್ಪಿಸುವುದು ಮುಂದಕ್ಕೆ ಹೋಯಿತು, ಮ್ಯಾನೇಜರು ಕೆಂಡವಾದರು. ಆದರೆ ಹಿರಿಯನೇ ತಪ್ಪೊಪ್ಪಿಕೊಂಡಿರುವಾಗ ಹುಡುಗನೊಬ್ಬನನ್ನೇ ಮನೆಗೆ ಕಳಿಸುವುದು ಹೇಗೆ? ನನ್ನ ಕೆಲಸ ಉಳಿಯಿತು. ಆ ವರ್ಷ ಓಬಣ್ಣನಿಗೆ ಬರಬೇಕಿದ್ದ ಫೋರ್‌ಮನ್ ಹುದ್ದೆ ಬೇರೆಯವನ ಪಾಲಾಯಿತು. ಅವನು ಮಾತ್ರ ಏನೂ ಆಗದವನಂತೆ ಏಳನೇ ನಂಬರಿನ ಅಳಿಯನ ಉಪಚಾರಕ್ಕೆ ಹೊರಟ. ನಾನು ಅವನ ಕಣ್ಣು ತಪ್ಪಿಸಿ ಓಡಾಡಿದೆ.

ಹತ್ತು ವರ್ಷ ಕಳೆದವು. ನಾನು ಆ ಗುಡ್ಡದ ಉಸ್ತುವಾರಿಗೆ ಬಂದೆ, ಓಬಣ್ಣ ಕೆಲಸ ಬಿಟ್ಟು ಹೊಸದುರ್ಗದಲ್ಲಿ ಮಗಳ ಮನೆ ಸೇರಿದ. ಮೈಗೆ ಹುಷಾರಿಲ್ಲವೆಂದು ತಿಳಿದು ನೋಡಲು ಹೋದೆ. ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದ. “ಕುಂತ್ಕಳ್ರಿ ಇಂಜಿನೇರ್ರೆ” ಎಂದು ಎಂದಿನಂತೆ ಚೇಷ್ಟೆ ಮಾಡಿದ. ಅಷ್ಟು ವರ್ಷ ಗಂಟಲಲ್ಲೇ ಇದ್ದದ್ದನ್ನು ಅಂದು ಹೇಳಿಬಿಟ್ಟೆ. ನಿನ್ನ ಆ ಒಂದು ಸಾಲಿನಿಂದ ನಾನು ಅನ್ನ ಉಣ್ಣುತ್ತಿದ್ದೇನೆ ಎಂದೆ. ನಾನು ಮರೆತದ್ದಷ್ಟೇ ಅಲ್ಲ, ಬೇರೆಯವರ ಸ್ಪ್ಯಾನರ್ ತೂಗುಹಾಕಿ ಮೋಸ ಮಾಡಿದ್ದೆ, ನಿನಗೆ ಗೊತ್ತಿಲ್ಲದೆ ನೀನು ಅದನ್ನು ಹೊತ್ತುಕೊಂಡೆ ಎಂದೆ.

“ಗೊತ್ತಿತ್ತು” ಎಂದ ಓಬಣ್ಣ. “ಟೇಪು ಕಿತ್ತಿದ್ದಿ, ಅಂಟು ಬಿಟ್ಟಿದ್ದಿ. ಸಂಜೀನೇ ನೋಡಿದ್ದೆ.”

ಹಾಗಾದರೆ ಕಂಬಕ್ಕೆ ಕಿವಿ ಹಚ್ಚಿ ಕೇಳಿಸಿಕೊಂಡದ್ದು ಏನು ಎಂದು ಕೇಳಿದೆ.

“ಆ ಗಾಳ್ಯಾಗೆ ಅಷ್ಟು ಮ್ಯಾಗಿಂದು ಯಾರಿಗೆ ಕೇಳ್ತೈತೆ? ಬ್ರೇಕು ಹೆಂಗೂ ಹಾಕೈತೆ, ಬೆಳಿಗ್ಗೆ ನೀನೇ ಬಂದು ಹೇಳ್ತೀಯ ಅಂತ ಸುಮ್ನಾದೆ. ಬ್ರೇಕು ಬಿಟ್ಟ ಮ್ಯಾಲೂ ಎರಡು ಸುತ್ತು ಕಾದೆ. ಅದು ನನ್ನ ತಪ್ಪಲ್ಲೇನಪ್ಪ? ಅದುಕ್ಕೇ ಬರದೆ. ನಿನ್ನ ಉಳ್ಸಾಕಲ್ಲ.”

ಹತ್ತು ವರ್ಷ ಅವನ ಕರುಣೆ ಎಂದು ನೆನೆದದ್ದು ಅವನ ಪ್ರಾಮಾಣಿಕತೆಯಾಗಿತ್ತು. ಅವನ ಮೇಲಿನ ಗೌರವ ಅಂದು ಇನ್ನೂ ಹೆಚ್ಚಿತು. ಹೊರಡುವಾಗ, ಈಗ ಹಲಗೆ ಯಾರು ನೋಡುತ್ತಾರೆ ಎಂದು ಕೇಳಿದ. ನಾನೇ ಎಂದೆ. ನನ್ನ ಮಣಿಕಟ್ಟು ಹಿಡಿದುಕೊಂಡು, “ಏನಾದ್ರೂ ಕಂಡ್ರೆ ಅವಾಗ್ಲೇ ಕೇಳ್ಬಿಡು. ನನ್ನಂಗೆ ಕಾಯಬ್ಯಾಡ” ಎಂದ.

ಅದೇ ಕೊನೆಯ ಭೇಟಿ. ಮುಂದಿನ ತಿಂಗಳು ಓಬಣ್ಣ ಹೋಗಿಬಿಟ್ಟ. ಮಣ್ಣು ಮಾಡಿ ಬಂದ ಮರುದಿನ ಸಂಜೆ ಹಲಗೆಯ ಮುಂದೆ ನಿಂತಾಗ ಒಂದು ಕೆಂಪು ಗೆರೆ ಖಾಲಿಯಿತ್ತು. ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ತಲೆತಗ್ಗಿಸಿ ನಿಂತಿದ್ದಳು. ಎಲ್ಲಿ ಬಿಟ್ಟೆಯಮ್ಮ ಎಂದು ಅವಳನ್ನು ಆಗಲೇ ಕೇಳಿದೆ. ಹೇಳಿದಳು. ಇಬ್ಬರೂ ಬೆಲ್ಟು ಬಿಗಿದುಕೊಂಡು ಏಣಿ ಹತ್ತಿದೆವು.