ನಾಲ್ಕು ಊರಿನ ತಾಟುಗಳು

ಈಚೆಗೆ ಸಿದ್ಧರಾಮ ನೆಮ್ಮದಿಯಾಗಿ ಕೂತದ್ದನ್ನು ನಾನು ಕಂಡಿಲ್ಲ. ಇಂಡಿಯಲ್ಲಿ ಅವನದು ಮೋಟಾರು ರಿಪೇರಿ ಅಂಗಡಿ, ಅದಕ್ಕೆ ಒತ್ತಿಕೊಂಡೇ ನನ್ನ ಹೊಲಿಗೆ ಅಂಗಡಿ. ಚಹಾ ತರಿಸಿದರೆ ಅದನ್ನೂ ಓಡಾಡುತ್ತಲೇ ಕುಡಿಯುತ್ತಾನೆ. ಮೊದಲು ಹೀಗಿರಲಿಲ್ಲ. ಮಗಳನ್ನು ನರ್ಸಿಂಗ್ ಓದಿಸಲು ಉಳಿಸಿದ್ದನ್ನೆಲ್ಲ ಫೋನಿನಲ್ಲಿ ಬಿಟ್‌ಕಾಯಿನ್ ಮಾಡಿಟ್ಟ ಮೇಲೆ ಈ ರೋಗ ಹತ್ತಿತು.

ಆ ದುಡ್ಡಿಗೆ ಬ್ಯಾಂಕಿಲ್ಲ, ಪಾಸ್‌ಬುಕ್ಕಿಲ್ಲ. ಇರುವುದು ಹನ್ನೆರಡು ಇಂಗ್ಲಿಷ್ ಪದ. ಫೋನು ಹಾಳಾದರೆ ಆ ಪದಗಳನ್ನು ಅದೇ ಸಾಲಿನಲ್ಲಿ ಹೊಸ ಫೋನಿಗೆ ಹಾಕಬೇಕು, ಗಂಟು ವಾಪಸು ಬರುತ್ತದೆ. ಬೇರೆ ಯಾರಾದರೂ ಹಾಕಿದರೆ ಗಂಟು ಅವರದು. ಪದಗಳೇ ಕಳೆದರೆ ಯಾರಿಗೂ ಇಲ್ಲ.

ಚೀಟಿಯಲ್ಲಿ ಬರೆದು ದೇವರ ಜಗಲಿ ಮೇಲಿಟ್ಟ, ದೀಪದ ಎಣ್ಣೆ ತಾಗಿ ಅಕ್ಷರ ಹರಡಿತು. ಇನ್ನೊಂದು ಬರೆದು ಟ್ರಂಕಿನಲ್ಲಿಟ್ಟ, ಇಲಿ ಅಂಚು ಕಡಿಯಿತು. ಆಗ ಹೊಳೆದದ್ದು ಸ್ಟೀಲ್ ತಾಟು. ಪಾತ್ರೆ ಕೊಂಡರೆ ಅಂಗಡಿಯವರೇ ಹೆಸರು ಕೊರೆದು ಕೊಡುತ್ತಾರಲ್ಲ! ಆದರೆ ಒಬ್ಬನ ಕೈಯಲ್ಲೇ ಹನ್ನೆರಡೂ ಕೊರೆಸಿದರೆ ಆ ಒಬ್ಬನಿಗೆ ಎಲ್ಲ ಗೊತ್ತಾಗಿಬಿಡುತ್ತದೆ. ಅದಕ್ಕೇ ಈ ಪುಣ್ಯಾತ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ನಾಲ್ಕೂ ಊರು ಸುತ್ತಿ, ಒಂದೊಂದು ಕಡೆ ಒಂದೊಂದು ತಾಟು ಕೊಂಡು, ತಳಕ್ಕೆ ಮೂರು ಮೂರು ಪದ ಕೊರೆಸಿಕೊಂಡು ಬಂದ.

ಮುದ್ದೇಬಿಹಾಳದ ಅಂಗಡಿಯವನು ಕೇಳಿಯೇಬಿಟ್ಟನಂತೆ: "ಟೈಗರ್, ಗಿಟಾರ್, ಟೊಮೆಟೊ... ಯಾರ ಹೆಸರ್ರಿ ಇವು? ಬೀಗರು ವಿಲಾಯತಿಯವರೇನ್ರಿ?"

ಸಿದ್ಧರಾಮನಿಗೆ ನಗು ಬರಲಿಲ್ಲ. ಊರು ಮುಟ್ಟುವವರೆಗೆ ಚೀಲವನ್ನು ತೊಡೆಯಿಂದ ಇಳಿಸಲಿಲ್ಲ. ಪಾತ್ರೆಗಳ ನಡುವೆ ಪಾತ್ರೆ ಯಾರ ಕಣ್ಣಿಗೆ ಬಿದ್ದೀತು ಎಂದು ಅಡುಗೆಮನೆಯ ಸ್ಟ್ಯಾಂಡಿನಲ್ಲೇ ಅವನ್ನು ಸೇರಿಸಿಟ್ಟ. ಹೆಂಡತಿ ಜಯಮಾಲಾಳಿಗೂ ಬಾಯಿ ಬಿಡಲಿಲ್ಲ.

ಎಳ್ಳಮಾವಾಸ್ಯೆ ಕಳೆದು ವಾರಕ್ಕೆ ಅವನ ಫೋನು ನೀರಿನ ಟಾಕಿಗೆ ಬಿದ್ದು ಸತ್ತಿತು. ಓಡಿಹೋಗಿ ಸ್ಟ್ಯಾಂಡು ಹುಡುಕಿದರೆ ಮೂರೇ ತಾಟು. ಬಾಗೇವಾಡಿಯದು ಇಲ್ಲ.

"ಅದರಾಗ ಮಸೂತಿ ಊರಾಗಿನ ತಂಗಿ ಮನಿಗಿ ಕಡಬು ಕಳಿಸೇನ್ರಿ," ಎಂದಳು ಜಯಮಾಲಾ. "ಒಂದ್ ತಾಟಿಗಿ ಯಾಕಿಷ್ಟು ಬಡಕೋತೀರಿ?"

ನನ್ನದೇ ಬೈಕು, ನನ್ನದೇ ಪೆಟ್ರೋಲು. ಸಿದ್ಧರಾಮ ಹಿಂದೆ ಕೂತು ಮಸೂತಿಯ ದಾರಿಯುದ್ದಕ್ಕೂ ನನ್ನ ಹೆಗಲು ಹಿಂಡಿದ. ಈ ಕಥೆಯೆಲ್ಲ ಹೊರಬಿದ್ದದ್ದು ಆಗಲೇ. ಹೆಂಡತಿಗೂ ಹೇಳಿಲ್ಲವೆಂದು ಕೇಳಿ ನನಗೆ ಸಿಟ್ಟೇ ಬಂತು.

ಮಸೂತಿಯಲ್ಲಿ ಅವನ ನಾದಿನಿ ಭುವನೇಶ್ವರಿ ನಕ್ಕಳು. "ಖಾಲಿ ತಾಟು ಹೆಂಗ ಕೊಡ್ಲಿ ಮಾಮಾ? ಅಕ್ಕ ಏನಂದಾಳು? ಕುಂದರ್ರಿ, ಹೋಳಿಗಿ ಮಾಡಿ ಕೊಡ್ತೇನಿ."

ಬೇಡವೆಂದರೆ ಕೇಳುವವಳಲ್ಲ. ಬೇಳೆ ಬೇಯಬೇಕು, ಹೂರಣ ರುಬ್ಬಬೇಕು. ಸಿದ್ಧರಾಮ ಬೋನಿಗೆ ಬಿದ್ದ ಇಲಿಯ ಹಾಗೆ ಅಂಗಳದಲ್ಲಿ ಸುತ್ತಿದ. ತಾಟು ಎಲ್ಲಿದೆಯೆಂದು ಅಡುಗೆಮನೆಗೆ ಇಣುಕಿ, "ಭಾಳ ಹಸದೀರೇನು ಮಾಮಾ?" ಅನಿಸಿಕೊಂಡ. ಕೊನೆಗೆ ಹೋಳಿಗೆ ತುಂಬಿದ ತಾಟು ಕೈಗೆ ಬಂದದ್ದೇ, ತಲೆಗಿಂತ ಮೇಲೆತ್ತಿ ತಳ ನೋಡಿದ. ಮೂರೂ ಪದ ಅಲ್ಲೇ ಇದ್ದವು. ಅವನ ಕಣ್ಣು ತುಂಬಿ ಬಂತು. ಭುವನೇಶ್ವರಿ ಅದು ಹೋಳಿಗೆಯ ಮೇಲಿನ ಆಸೆಯೆಂದು ಇನ್ನೆರಡು ಹಾಕಿದಳು.

ಮನೆಗೆ ಬಂದು ನಾಲ್ಕೂ ತಾಟು ಬೋರಲು ಹಾಕಿ, ಹೊಸ ಫೋನಿಗೆ ಪದ ಒತ್ತಿದ. ಗಂಟು ಹಾಗೇ ಇತ್ತು. ಆಮೇಲೆಯೇ ಜಯಮಾಲಾಳಿಗೆ ಎಲ್ಲ ಹೇಳಿದ. ಎಷ್ಟಿದೆಯೆಂದು ಅವಳು ಕೇಳಲಿಲ್ಲ.

"ನಾಕೂ ಊರಿಗಿ ಒಬ್ರ ತಿರಗಿದ್ರಲ್ಲ, ದಾರ್ಯಾಗ ನಿಮಗೇನರ ಆಗಿದ್ರ?" ಎಂದಳು. "ರೊಕ್ಕಿಲ್ಲಂತ ಮಗಳ ಓದು ಬಿಡಸ್ತಿದ್ನಿ. ಇವ ತಾಟಿನಾಗ ಉಂಡು, ತಿಕ್ಕಿ ತೊಳದು ಇಡ್ತಿದ್ನಿ."

ಸಿದ್ಧರಾಮ ಅವಳ ಎದುರಿಗೆ ನೆಲದ ಮೇಲೆ ಕೂತ. ಒಂದೊಂದೇ ತಾಟು ಮುಟ್ಟಿ ಸಾಲು ಹೇಳಿಕೊಟ್ಟ: ಮೊದಲು ಇಂಡಿ, ಆಮೇಲೆ ಸಿಂದಗಿ, ಮುದ್ದೇಬಿಹಾಳ, ಕಡೆಗೆ ಬಾಗೇವಾಡಿ. ಅವಳು ತಪ್ಪಿಲ್ಲದೆ ಒಪ್ಪಿಸುವವರೆಗೂ ಏಳಲಿಲ್ಲ.